ಜೆರಾಕ್ಸ್ ಅಂಗಡಿಯ ಒಳಗಿನ ಕಂಪ್ಯೂಟರ್

"ನಿಮ್ಮವ್ವನ ಹೊಲಿಗಿ ಬಿಚ್ಚಿದರೇನವಾ?" ಎಂದು ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯ ಅಕ್ಕ ಕೇಳಿದಾಗ ನಾನು ಪ್ರಿಂಟ್ ಆದ ಹಾಳೆಗಳನ್ನು ಜೋಡಿಸುತ್ತಿದ್ದೆ. "ಹ್ಞೂಂ, ಬಿಚ್ಚಿದ್ರು" ಎಂದು ಉತ್ತರವನ್ನೂ ಕೊಟ್ಟುಬಿಟ್ಟೆ. ಆಮೇಲೆ ಕೈ ನಿಂತಿತು. ಅವ್ವನಿಗೆ ಆಪರೇಷನ್ ಆದದ್ದು ಈಕೆಗೆ ಹೇಗೆ ಗೊತ್ತು?

ನಾನಾಗ ಸಿಂಧನೂರಿನಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮೂರಾದ ಪಾಮನಕಲ್ಲೂರಿನಿಂದ ಮಸ್ಕಿಗೆ ಒಂದು ಬಸ್ಸು, ಅಲ್ಲಿಂದ ಸಿಂಧನೂರಿಗೆ ಇನ್ನೊಂದು. ಮೊದಲ ಬಸ್ಸು ತಪ್ಪಿದರೆ ಮೊದಲ ಕ್ಲಾಸೂ ತಪ್ಪಿದಂತೆಯೇ. ನಮ್ಮ ಕ್ಲಾಸಿನವರದೊಂದು ಮೆಸೇಜು ಗ್ರೂಪಿತ್ತು. ಬಸ್ಸು ಬಂತೋ ಇಲ್ಲವೋ, ಸರ್ ರಜೆಯೋ, ಪರೀಕ್ಷೆ ಮುಂದೆ ಹೋಯಿತೋ, ಎಲ್ಲಾ ಅದರಲ್ಲೇ. ಅವ್ವನ ಗರ್ಭಚೀಲ ತೆಗೆಸಬೇಕಾಗಿ ಬಂದಾಗ ನಾನು ಲಿಂಗಸುಗೂರಿನ ಆಸ್ಪತ್ರೆಯಲ್ಲೇ ಉಳಿದೆ. ಗುರುಗುಂಟಾದ ನನ್ನ ಗೆಳತಿ ಸಿಂಧನೂರಿನ ಹಾಸ್ಟೆಲಿನಲ್ಲಿದ್ದಳು. ಅವಳು ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅವ್ವ ಮಲಗಿದ ಮೇಲೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಅದಿಲ್ಲದಿದ್ದರೆ ಆ ಸೆಮಿಸ್ಟರು ಕೈಬಿಟ್ಟು ಹೋಗುತ್ತಿತ್ತು.

ಊರಲ್ಲಿ ಅವ್ವ ಬರೀ ಹೊಟ್ಟೆನೋವು ಎಂದು ಹೇಳಿದ್ದಳು. "ಈ ಮಾತು ಮನಿ ದಾಟಬಾರದು ನೋಡು" ಎಂದು ನನಗೂ ಅಣ್ಣನಿಗೂ ತಾಕೀತು ಮಾಡಿದ್ದಳು. ನಾನು ಗೆಳತಿಗೊಬ್ಬಳಿಗೇ ಮೆಸೇಜಿನಲ್ಲಿ ಬರೆದಿದ್ದೆ. ಅವಳೂ ತನ್ನದೊಂದನ್ನು ನನಗೊಬ್ಬಳಿಗೇ ಬರೆದಿದ್ದಳು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಹಾಸ್ಟೆಲಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಗುಳಿಗೆ ಕೇಳಲು ನಾಚಿಕೆ, ಹಾಗಾಗಿ ಡಾಕ್ಟರ ಚೀಟಿಯ ಫೋಟೋ ನನಗೆ ಕಳಿಸಿ ಲಿಂಗಸುಗೂರಿನಿಂದ ತರಿಸಿಕೊಳ್ಳುತ್ತಿದ್ದಳು. ಮಸ್ಕಿಯ ಕಿರಾಣಿ ವ್ಯಾಪಾರಿಗಳ ಮನೆಯೊಂದರ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಈ ವಿಷಯ ಅವರಿಗೆ ಹೇಳಬೇಕೆಂದು ಅವಳು, ಬೇಡವೆಂದು ಅವಳಪ್ಪ.

"ಅಕ್ಕಾ, ನಿಮಗ ಯಾರು ಹೇಳಿದ್ರು?" ಎಂದೆ.

"ಯಾರು ಹೇಳಬೇಕವಾ, ಇದರಾಗ ಬರತೈತಲ್ಲ" ಎಂದು ಆಕೆ ಒಳಗಿನ ಕಂಪ್ಯೂಟರನ್ನು ತೋರಿಸಿದಳು. ಮುಚ್ಚುಮರೆಯೇನೂ ಇರಲಿಲ್ಲ. "ಹೊರಗಿನ ಕಂಪ್ಯೂಟರ್ ಕೆಟ್ಟಿತ್ತಲ್ಲ, ಅವತ್ತು ನೀ ಇದಕ್ಕ ಫೋನ್ ಜೋಡಿಸಿ ನೋಟ್ಸ್ ಪ್ರಿಂಟ್ ತಕ್ಕೊಂಡು ಹೋದಿ. ಮುಂಜಾನಿ ಚಾಲೂ ಮಾಡಿದ ಕೂಡ್ಲೇ ನಿನ್ನ ಮೆಸೇಜು ತಾವ ತೆರಕೊಂತಾವ."

ಟೇಬಲ್ಲು ದಾಟಿ ಒಳಗೆ ಹೋದೆ. ಪರದೆಯ ತುಂಬ ನಾನೇ ಇದ್ದೆ. ಅಣ್ಣ ಕಳಿಸಿದ್ದ, ಮಂಚದ ಮೇಲೆ ಮಲಗಿದ ಅವ್ವನ ಫೋಟೋ. ಗೆಳತಿಯ ಉದ್ದುದ್ದ ಮಾತುಗಳು. ಕ್ಲಾಸಿನ ಹುಡುಗಿಯರ ಚಿತ್ರಗಳು. ನೋಡುತ್ತಿರುವಾಗಲೇ ಅಣ್ಣನ ಹೊಸ ಮೆಸೇಜು ಅಲ್ಲಿ ಮೂಡಿತು: "ಬರೋವಾಗ ಅವ್ವಗ ಎಳನೀರು ತಾ." ಅದಾದ ಮೇಲೆ ನನ್ನ ಬ್ಯಾಗಿನೊಳಗೆ ಫೋನು ಅದುರಿತು. ನನ್ನ ಅಣ್ಣನ ಮಾತು ನನಗಿಂತ ಮೊದಲು ಈಕೆಗೆ ಮುಟ್ಟಿತ್ತು.

"ಎಲ್ಲಾ ಓದೀರೇನ್ರೀ?"

"ಮಧ್ಯಾಹ್ನ ಗಿರಾಕಿ ಇರಂಗಿಲ್ಲ, ನಮ್ಮನಿಯವರು ಹೊರಗ ಹೋಗಿರ್ತಾರ. ಕುಂತು ಓದತಿದ್ದೆ. ನಿಮ್ಮವ್ವಗ ರಕ್ತ ಏರಿಸಿದ ದಿನ ನನಗ ಊಟ ಸೇರಲಿಲ್ಲ ನೋಡು. ಯಾರ ಮುಂದೂ ಅಂದಿಲ್ಲವಾ, ದೇವರಾಣಿ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು: "ಆ ಗುರುಗುಂಟಾದ ಹುಡುಗಿಗೆ ಹೇಳು, ಫಿಟ್ಸಿನ ಮಾತು ಗಂಡಿನವರಿಗೆ ಮೊದಲ ತಿಳಿಸಲಿ. ಆ ಮನಿಯವರು ನಮಗ ದೂರದ ಬೀಗರಾಗಬೇಕು."

ಫೋನು ತೆಗೆದು ಸೆಟ್ಟಿಂಗ್ಸಿನಲ್ಲಿ ಹುಡುಕಿದೆ. ನನ್ನ ಫೋನಿಗೆ ಜೋಡಿಸಿದ ಕಂಪ್ಯೂಟರ್ ಎಂದು ಅದು ಅಲ್ಲೇ ಇತ್ತು, ಈಗ ಚಾಲೂ ಇದೆ ಎಂಬ ಸಾಲಿನೊಂದಿಗೆ. ಇಷ್ಟು ದಿನವೂ ನನ್ನ ಕೈಯಲ್ಲೇ ಇತ್ತು, ನಾನು ತೆರೆದು ನೋಡಿರಲಿಲ್ಲ. ಲಾಗ್ ಔಟ್ ಒತ್ತಿದೆ. ಆಕೆಯ ಪರದೆ ಖಾಲಿಯಾಯಿತು. "ಹೋತಲ್ಲ" ಎಂದಳು, ಟಿವಿ ನೋಡುವಾಗ ಕರೆಂಟು ಹೋದವಳ ಹಾಗೆ.

"ಅಕ್ಕಾ, ಇದು ತಪ್ಪಲ್ಲೇನ್ರೀ?"

"ನೀ ಬಂದ್ ಮಾಡಿ ಹೋಗಿದ್ರ ನಾ ಯಾಕ ಓದತಿದ್ದೆ?"

ನೇರ ಗೆಳತಿಯ ಹಾಸ್ಟೆಲಿಗೆ ನಡೆದೆ.

ಗೆಳತಿ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. "ಗುಳಿಗಿ ಚೀಟೀನೂ ನೋಡ್ಯಾಳೇನು?" ಎಂದಷ್ಟೇ ಕೇಳಿದಳು. ಹೌದೆಂದೆ. ಬೈಯುತ್ತಾಳೆ, ಎದ್ದು ಹೊರಗೆ ಹೋಗು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನು ಎತ್ತಿಕೊಂಡಳು. "ಆಕಿ ಹೇಳೂಕಿನ್ನ ಮೊದಲ ನಾನ ಹೇಳ್ತೀನಿ." ನನ್ನೆದುರೇ ಮಸ್ಕಿಯ ಹುಡುಗನಿಗೆ ಫೋನ್ ಹಚ್ಚಿದಳು. "ನನಗ ಫಿಟ್ಸ್ ಬರ್ತಿದ್ವುರೀ. ಗುಳಿಗಿ ತಗೋತೀನಿ, ಭಾಳ ದಿನಾತು ಬಂದಿಲ್ಲ. ನಿಮಗ ಗೊತ್ತಿರಲಿ ಅಂತ." ಅವನು ಮನೆಯಲ್ಲಿ ಹೇಳುತ್ತೇನೆ ಎಂದನಂತೆ. ಫೋನಿಟ್ಟ ಮೇಲೆ ಅವಳು ಅತ್ತಳು. "ಹೇಳಬೇಕಂತನ ಇದ್ದೆ ಬೇ. ಆದ್ರ ಹಿಂಗಲ್ಲ."

ಅವತ್ತು ಸಂಜೆ ಗ್ರೂಪಿಗೆ ಬರೆದೆ: ಎಲ್ಲರೂ ಒಮ್ಮೆ ನಿಮ್ಮ ಫೋನು ತೆರೆದು, ಯಾವ ಕಂಪ್ಯೂಟರಿಗೆ ಜೋಡಿಸಿದೆ ನೋಡಿಕೊಳ್ಳಿ. ಒಬ್ಬಳಿಗೆ ಲಿಂಗಸುಗೂರಿನ ನೆಟ್ ಸೆಂಟರಿನದು ಸಿಕ್ಕಿತು. ಇನ್ನೊಬ್ಬಳಿಗೆ ಜಗಳವಾಡಿ ಬಿಟ್ಟುಹೋದ ರೂಮ್‌ಮೇಟಿನ ಲ್ಯಾಪ್‌ಟಾಪ್.

ಅವ್ವನಿಗೂ ಹೇಳಿದೆ. ಹೇಳದೆ ಇರಲಾಗಲಿಲ್ಲ. "ಓದಿದಾಕಿ ಹೆಣ್ಣೋ ಗಂಡೋ?" ಎಂದಳು. ಹೆಣ್ಣು ಎಂದೆ. "ಹೆಣ್ಣಾದ್ರ..." ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಆವತ್ತಿನಿಂದ ಅಣ್ಣನಿಗೆ ತನ್ನ ಫೋಟೋ ತೆಗೆಯಲು ಕೊಟ್ಟಿಲ್ಲ.

ಮಸ್ಕಿಯವರು ಹಿರಿಯರೊಬ್ಬರ ಕೈಲಿ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಜೆರಾಕ್ಸ್ ಅಂಗಡಿಯ ಅಕ್ಕ ಬಾಯಿ ಬಿಟ್ಟಿದ್ದಳೋ ಇಲ್ಲವೋ, ಆ ಹೊತ್ತಿಗೆ ಅದರಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ. ಗೆಳತಿಯ ಅಪ್ಪ ಮಗಳ ಜೊತೆ ಕೆಲವು ವಾರ ಮಾತು ಬಿಟ್ಟಿದ್ದರು. ಅವಳು ಪರೀಕ್ಷೆ ಬರೆದಳು, ಪಾಸಾದಳು, ಈಗ ಲಿಂಗಸುಗೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಮ್ಮ ಹಳೆಯ ಗ್ರೂಪು ಇನ್ನೂ ಇದೆ. ಕೆಲಸದ ಸುದ್ದಿ, ಅರ್ಜಿಯ ಕೊನೆಯ ದಿನಾಂಕ ಅದರಲ್ಲೇ ಬರುತ್ತವೆ, ನಾನು ನೋಡುತ್ತೇನೆ. ಅವಳು ನನಗೆ ಬರೆಯುವುದು ಮಾತ್ರ ಒಂದೇ ಸಾಲು: "ಐತವಾರ ಬಾ." ಭಾನುವಾರ ಬಸ್ಸು ಹತ್ತಿ ಹೋಗುತ್ತೇನೆ. ಶಾಲೆಯ ಹಿಂದಿನ ರಸ್ತೆಯಲ್ಲಿ ನಡೆಯುತ್ತಾ ಮಾತಾಡುತ್ತೇವೆ. ಹಿಂದೆ ಯಾರಾದರೂ ಬರುತ್ತಿದ್ದರೆ ಅವಳು ಮಾತು ನಿಲ್ಲಿಸಿ, ಅವರು ದಾಟಿ ಹೋಗುವ ತನಕ ಕಾಯುತ್ತಾಳೆ.