ಕೊಳ್ಳದ ಕಾರಿಗೆ ಪೂಜೆ

ಅಪಘಾತದಲ್ಲಿ ಜಖಂಗೊಂಡು, ಇನ್ಶೂರೆನ್ಸ್‌ನವರು ಗುಜರಿಗೇ ಸರಿ ಎಂದು ಕೈಬಿಟ್ಟ ಮೇಲೆ ಯಾರೋ ರಿಪೇರಿ ಮಾಡಿಸಿದ್ದ ಕಾರು ಅದು. ಕೊಳ್ಳುವುದೋ ಬೇಡವೋ ತೋಚದೆ ತಲೆ ಕೆಟ್ಟುಹೋಗಿತ್ತು. ಮಾರಲಿದ್ದ ಸಹೋದ್ಯೋಗಿ ಡಾಕ್ಟರು, ಭಾನುವಾರವೆಲ್ಲ ಓಡಿಸಿ ನೋಡಿ ಎಂದು ಕೀಲಿ ಕೊಟ್ಟಿದ್ದರು. ದೇವರನ್ನೇ ಕೇಳೋಣವೆಂದು ಹೆಂಡತಿಯೊಡನೆ ಇಲ್ಲಿ ಇಂಗ್ಲೆಂಡಿನ ಟಿವಿಡೇಲ್‌ನಲ್ಲಿರುವ ಬಾಲಾಜಿ ದೇವಸ್ಥಾನಕ್ಕೆ ಹೋದೆ. ನಾನು ಕೈಮುಗಿದು, ಮೊದಲೇ ಹೊರಗೆ ಹೋಗಿದ್ದ ಹೆಂಡತಿಯ ಬಳಿ ಬರುವಷ್ಟರಲ್ಲಿ ಅರ್ಚಕರು ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟುಬಿಟ್ಟಿದ್ದರು.

“ಇನ್ನೂ ತಗೊಂಡೇ ಇಲ್ವಲ್ಲೇ! ಪೂಜೆ ಯಾಕೆ ಮಾಡಿಸ್ದೆ?” ಎಂದು ಹೆಂಡತಿಯ ಮೇಲೆ ರೇಗಿದೆ.

“ತಗೋಬೇಕು ಅಂತಿದೀವಿ ಅಂದೆ, ಅಷ್ಟೇರೀ. ಅವರು ತಟ್ಟೆ ಹಿಡ್ಕೊಂಡು ಬಂದೇಬಿಟ್ರು. ಬೇಡ ಅನ್ನೋಕಾಗುತ್ತಾ?”

ಸ್ಟೀರಿಂಗ್ ಹಿಡಿದು ಕೂತ ನನಗೆ ಅರ್ಚಕರು ಮುಂದಕ್ಕೆ ಬಿಡಿ ಎಂದು ಕೈಸನ್ನೆ ಮಾಡಿದರು. ಇದು ದೇವರ ಉತ್ತರವೋ ಅರ್ಚಕರ ಅವಸರವೋ ತಿಳಿಯದೆ ಬ್ರೇಕಿನಿಂದ ಕಾಲೇ ತೆಗೆಯಲಿಲ್ಲ. ಹಿಂದೆ, ಪೂಜೆಗೆ ಕಾದಿದ್ದ ಹೊಚ್ಚಹೊಸ ಕಾರು ಹಾರ್ನ್ ಹೊಡೆಯಿತು.