ಏಳು ತೂತಿನ ಬುತ್ತಿ ಡಬ್ಬಿ

ಹೋದ ತಿಂಗಳು ಅಕ್ಕನ ಮಗಳು ನನ್ನ ಕೈಗೆ ಒಂದು ಅಲ್ಯೂಮಿನಿಯಂ ಡಬ್ಬಿ ಕೊಟ್ಟಳು. ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ಏಳು ತೂತುಗಳಿದ್ದವು. ಮೂಸಿ ನೋಡಿದೆ. ಇಷ್ಟು ವರ್ಷವಾದರೂ ಶೇಂಗಾ ಚಟ್ನಿಯ ವಾಸನೆ ಸಣ್ಣಗೆ ಉಳಿದಿತ್ತು.

ಅವರು ನನ್ನ ಒಡಹುಟ್ಟಿದ ಅಕ್ಕ ಅಲ್ಲ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವರು ನನಗಿಂತ ಎರಡು ವರ್ಷ ಹಿರಿಯರು, ಮನೋಳಿಯವರು. ಅವರ ಬುತ್ತಿ ದಿನಾಲೂ ಊರಿನಿಂದ ಮುಂಜಾನೆ ಬಸ್ಸಿಗೆ ಬರುತ್ತಿತ್ತು. ಖಾಲಿ ಡಬ್ಬಿಯನ್ನು ಸಂಜೆ ಬಸ್ಸಿಗೆ ನಾನು ಕೊಟ್ಟು ಬರುತ್ತಿದ್ದೆ.

ಒಂದು ದಿನ ಅಂಗಳದ ಬೇವಿನ ಗಿಡದಿಂದ ಅಳಿಲಿನ ಮರಿ ಬಿತ್ತು. ಅಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೋಣೆಗೆ ತಂದರು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರು. ಅದು ಚೀಪಿತು! ಅವತ್ತಿನ ಅವರ ಮುಖ ಇನ್ನೂ ಕಣ್ಣ ಮುಂದಿದೆ... ಪರೀಕ್ಷೆಯಲ್ಲಿ ಪಾಸಾದಾಗಲೂ ಅವರು ಅಷ್ಟು ನಗಲಿಲ್ಲ.

ಆದರೆ ಹಾಸ್ಟೆಲಿನಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಸಿಕ್ಕಿಬಿದ್ದರೆ ಮನೆಗೆ ಪತ್ರ ಹೋಗುತ್ತಿತ್ತು. ಅಕ್ಕನನ್ನು ಕಾಲೇಜಿಗೆ ಕಳಿಸುವಾಗ ಅವರ ಅಪ್ಪ ಒಂದೇ ಮಾತು ಹೇಳಿದ್ದರಂತೆ: "ಒಂದು ತಕರಾರು ಬಂದ್ರ ಸಾಕು, ಗಂಟು ಕಟ್ಟಿಕೊಂಡು ಮನಿಗೆ ಬರೂದು."

ಒಂದು ಸಂಜೆ ಹಾಸ್ಟೆಲಿನ ವಾರ್ಡನ್ ಮೇಡಮ್ಮನವರು ಕೋಣೆ ಕೋಣೆ ತಪಾಸಣೆಗೆ ಹೊರಟರು. ಅಕ್ಕ ಮರಿಯನ್ನು ಬುತ್ತಿ ಡಬ್ಬಿಯಲ್ಲಿಟ್ಟು, ಮುಚ್ಚಳ ಸಡಿಲ ಬಿಟ್ಟು, ಅರಿವೆಯಲ್ಲಿ ಕಟ್ಟಿ ನನ್ನ ಕೈಗಿತ್ತರು.

"ಖಾಲಿ ಡಬ್ಬಿ ಬಸ್ಸಿಗೆ ಕೊಡಾಕ ಹೊಂಟೇನಿ ಅನ್ನು. ಸ್ಟ್ಯಾಂಡಿನ್ಯಾಗ ಒಂದು ತಾಸು ಕುಂತು ವಾಪಸ್ ಬಾ."

ನಾನು ಹೋಗಿ ಕೂತೆ. ಮನೋಳಿ ಬಸ್ಸು ಬಂತು. ಕಂಡಕ್ಟರ್ ದಿನಾಲೂ ನನ್ನ ಕೈಯಿಂದ ಡಬ್ಬಿ ಇಸಿದುಕೊಳ್ಳುವವರು. "ಕೊಡವಾ, ಇವತ್ತ ತಡಾ ಆಗೇತಿ" ಎಂದು ಕೈ ಚಾಚಿದರು. ನಾನೂ ರೂಢಿಯಂತೆ ಕೊಟ್ಟುಬಿಟ್ಟೆ! ನೆನಪಾಗುವಷ್ಟರಲ್ಲಿ ಬಸ್ಸು ಸ್ಟ್ಯಾಂಡು ದಾಟಿತ್ತು.

ಕೋಣೆಯಲ್ಲಿ ಮೇಡಮ್ಮನವರಿಗೆ ಏನೂ ಸಿಕ್ಕಿರಲಿಲ್ಲ. ನಾನು ಅಳುತ್ತ ನಡೆದದ್ದನ್ನು ಹೇಳಿದೆ. ಅಕ್ಕ ಮಂಚದ ಮೇಲೆ ಕುಸಿದರು. "ಪತ್ರ ಯಾಕ ಬೇಕಿತ್ತು, ತಕರಾರನ್ನ ನೀನ ಮನಿಗೆ ಕಳಿಸಿದಿ. ಆತು ತಗೋ, ನನ್ನ ಕಾಲೇಜು ಮುಗೀತು" ಎಂದರು. ಆಮೇಲೆ ಮೆಲ್ಲಗೆ, "ಮರಿ ಜೀವಂತ ಮುಟ್ಟಿರತೈತೋ ಇಲ್ಲೋ" ಎಂದರು.

ಮರುದಿನ ಬಸ್ಸು ಬರುವ ಮೊದಲೇ ಇಬ್ಬರೂ ಸ್ಟ್ಯಾಂಡಿನಲ್ಲಿದ್ದೆವು. ಅಪ್ಪನೇ ಇಳಿದು ಬರುತ್ತಾರೆಂದು ಅಕ್ಕ ತಮ್ಮ ಬಟ್ಟೆಗಳನ್ನು ಮಡಚಿಟ್ಟು ಬಂದಿದ್ದರು. ಇಳಿದದ್ದು ಕಂಡಕ್ಟರ್ ಒಬ್ಬರೇ.

"ಏನವಾ, ನಿಮ್ಮ ಬುತ್ತಿ ದಾರಿತುಂಬ ಚೀಂವ್ ಚೀಂವ್ ಅಂತಿತ್ತಲ್ಲ! ಅರ್ಧಾ ಟಿಕೀಟ್ ಹರೀಬೇಕಿತ್ತು ನಾ."

ರೊಟ್ಟಿ ಬೇರೆ ಅರಿವೆಯಲ್ಲಿತ್ತು. ಡಬ್ಬಿಯಲ್ಲಿ ಹೊಸ ಹತ್ತಿಯ ಮೇಲೆ ಮರಿ ಕೂತಿತ್ತು, ಹೊಟ್ಟೆ ಗುಂಡಗಾಗಿತ್ತು. ಮುಚ್ಚಳದಲ್ಲಿ ಏಳು ತೂತು. ಅಕ್ಕ ಮುಚ್ಚಳವನ್ನು ಮೇಲೆತ್ತಿ ಬಿಸಿಲಿಗೆ ಹಿಡಿದರು. "ಅಪ್ಪಾ ಹೊಡದಾನ ಇವನ್ನ! ನಮ್ಮ ಅಪ್ಪಾ ಹೊಡದಾನ!" ಎಂದು ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವಂತೆ ಕೂಗಿದರು.

ಮುಂದೆ ಅಪ್ಪ ಬಂದಾಗ ಅದರ ಬಗ್ಗೆ ಹೇಳಿದ್ದು ಇಷ್ಟೇ: "ಡಬ್ಬ್ಯಾಗ ಇಟ್ರ ಅದಕ್ಕ ಉಸಿರು ಆಡಬೇಕಲ್ಲ, ಹುಚ್ಚಿ."

ಮರಿ ಬಲಿತು ತಾನಾಗಿ ಬೇವಿನ ಗಿಡ ಏರಿತು. ಅಕ್ಕ ಬಿ.ಎ. ಮುಗಿಸಿದರು, ರಾಮದುರ್ಗದ ಕಡೆ ಸಾಲಿ ಟೀಚರ್ ಆದರು. ಅವರ ಕೈಯಲ್ಲಿ ಕಲಿತ ಹುಡುಗಿಯರು ಎಷ್ಟು ಮಂದಿಯೋ... ಹೋದ ತಿಂಗಳು ಅಕ್ಕ ತೀರಿಕೊಂಡಾಗ ಮಣ್ಣಿಗೆ ಬಂದಿದ್ದವರಲ್ಲಿ ಅರ್ಧ ಜನ ಆ ಹುಡುಗಿಯರೇ.

ಮೊನ್ನೆ ನಮ್ಮ ಮನೆಯವರು ಡಬ್ಬಿ ನೋಡಿ, "ತೂತು ಬಿದ್ದಾವ, ಬೆಸುಗಿ ಹಾಕಸೂಣೇನು?" ಎಂದು ಕೇಳಿದರು. ಬೇಡ ಎಂದೆ. ಸ್ಟ್ಯಾಂಡಿನಲ್ಲಿ ಅಕ್ಕ ಕೂಗಿದ್ದನ್ನು ನೆನಪಿಟ್ಟುಕೊಂಡವಳು ಈಗ ನಾನೊಬ್ಬಳೇ. ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ, ಮುಚ್ಚಳ ಹಾಕಿ.