ಸೋದರಮಾವನ ವಸಡು ಪರೀಕ್ಷೆ

ಗೆಳೆಯರೇ, ನಗು ಇನ್ನೂ ನಿಂತಿಲ್ಲ. ಹಲ್ಲು ಕೀಳಬೇಕೋ ಬೇಡವೋ ಎಂದು ಕೇಳಲು ಇವತ್ತು ಹುಲೇಕಲ್ಲಿನ ಸೋದರಮಾವನನ್ನು ಶಿರಸಿಯ ಹಲ್ಲಿನ ಡಾಕ್ಟರರಲ್ಲಿಗೆ ಕರೆದೊಯ್ದಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದರೂ ಮಾವ ಎಲೆಯಡಿಕೆಯ ಕವಳ ಬಿಟ್ಟಿಲ್ಲ.

ಮೊದಲು ವಸಡು ನೋಡುವವರು ಧಾರವಾಡ ಕಡೆಯ ನರ್ಸಮ್ಮ. ತೆಳುವಾದ ಕಡ್ಡಿಯನ್ನು ಹಲ್ಲಿನ ಬುಡಕ್ಕೆ ಮೆಲ್ಲಗೆ ತಾಗಿಸಿ, ರಕ್ತ ಬರುತ್ತದೆಯೇ ಎಂದು ನೋಡುತ್ತಾರೆ. ಮಾವ ಬಾಯಿ ತೆರೆದರೆ ಕೆಂಪೋ ಕೆಂಪು!

“ಇದರಾಗ ರಕ್ತ ಯಾವ್ದು, ಎಲಿ ಅಡಿಕಿ ಯಾವ್ದು? ತೊಳ್ಕೊಂಡು ಬರ್ರಿ!”

ಮಾವ ತೊಳೆದು ಬಂದ. ಸರದಿ ಕಾಯುತ್ತ ಪಕ್ಕದವರಿಗೆ ಕವಳ ಕೊಟ್ಟು ತಾನೂ ಹಾಕಿಕೊಂಡ. ಎರಡನೇ ಸಲವೂ ಅದೇ ಕತೆ.

“ಅವಕ್ಕೆ ಕೊಟ್ಟು ಆನು ಸುಮ್ನೆ ಕೂತ್ರೆ ಚೊಲೋ ಕಾಣ್ತಿಲ್ಲೆ!” ಎಂದು ಮಾವನ ಸಮಜಾಯಿಷಿ.

ಮೂರನೇ ಸಲ ನರ್ಸಮ್ಮ ಕವಳದ ಸಂಚಿಯನ್ನೇ ಕಿತ್ತಿಟ್ಟುಕೊಂಡು ನೋಡಿದರು. “ವಸಡು ಗಟ್ಟಿ ಐತ್ರಿ. ಹಲ್ಲು ಕೀಳೂದು ಬ್ಯಾಡ.”

ಖುಷಿಗೆ ಮಾವ ಸಂಚಿ ಇಸಿದುಕೊಂಡು, ಎಲೆಗೆ ಸುಣ್ಣ ಸವರಿ ಅವರಿಗೇ ಕೊಟ್ಟ. ಬೇಡ ಎನ್ನಲಾಗದೆ ಅವರೂ ಹಾಕಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಡಾಕ್ಟರರ ಹೆಜ್ಜೆ ಸದ್ದು! ಮಾವ ತಟ್ಟನೆ ನೀರಿನ ತಂಬಿಗೆ ಚಾಚಿದ.

“ಬೇಗ ಬಾಯಿ ತೊಳ್ಕ ತಂಗಿ, ಡಾಕ್ಟ್ರು ಬಂದ್ರು!”

ಅವನ ಇನ್ನೊಂದು ಕೈಯಲ್ಲಿ ಡಾಕ್ಟರರಿಗೆಂದು ಮಡಚಿದ ಕವಳ ಸಿದ್ಧವಾಗಿತ್ತು.